ಪಂಪ್‌ಹೌಸಿನ ಡಬ್ಬಿ, ಬ್ರಹ್ಮಗಿರಿಯ ಬಂಡೆ

ಹೊಳಲ್ಕೆರೆ ಕಡೆಯ ಒಂದು ಅಡಿಕೆ ತೋಟ. ಅದರ ಪಂಪ್‌ಹೌಸಿನಲ್ಲಿ ಸ್ಟಾರ್ಟರಿನ ಪಕ್ಕಕ್ಕೆ ಅಂಗೈ ಅಗಲದ ಬೂದು ಬಣ್ಣದ ಡಬ್ಬಿಯೊಂದು ಇದೆ. ಅದರೊಳಗೊಂದು ಸಿಮ್ ಕಾರ್ಡು. ಮನೆಯಲ್ಲಿ ಕುಳಿತು ಅದಕ್ಕೆ ಫೋನ್ ಮಾಡಿದರೆ ಸಾಕು, ತ್ರೀ ಫೇಸ್ ಕರೆಂಟ್ ಇದ್ದರೆ ಬೋರ್‌ವೆಲ್ ಮೋಟಾರು ಓಡುತ್ತದೆ. ಯಾರು ಫೋನ್ ಮಾಡಿದರೂ ಓಡುವುದಿಲ್ಲ. ಯಜಮಾನರ ನಂಬರಿನಿಂದ ಬಂದ ಕರೆಗೆ ಮಾತ್ರ ಅದು ಓಗೊಡುತ್ತದೆ. ಬೇರೆ ನಂಬರುಗಳನ್ನು ಸೇರಿಸುವ ಅಧಿಕಾರವೂ ಆ ಒಂದೇ ನಂಬರಿಗೆ.

ಯಜಮಾನರು ತೀರಿಕೊಂಡರು. ಹದಿನೈದು ದಿನದ ಕಾರ್ಯ, ಬ್ಯಾಂಕಿನ ಕಾಗದ, ಪಹಣಿ ಬದಲಾವಣೆ ಇವುಗಳ ನಡುವೆ ಅವರ ಫೋನಿಗೆ ಕರೆನ್ಸಿ ಹಾಕಿಸಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಕೆಲವು ತಿಂಗಳಲ್ಲಿ ಆ ನಂಬರು ರದ್ದಾಯಿತು. ಡಬ್ಬಿ ಮಾಡಿದ ಸಣ್ಣ ಕಂಪನಿಯೂ ಅಷ್ಟರಲ್ಲಿ ಬಾಗಿಲು ಹಾಕಿತ್ತು. ಕರೆಂಟು ಬರುವುದು ರಾತ್ರಿ ಒಂದಕ್ಕೋ ಎರಡಕ್ಕೋ. ಬ್ಯಾಟರಿ ಹಿಡಿದು ಅರ್ಧ ಮೈಲಿ ನಡೆದು ಗುಂಡಿ ಒತ್ತಿ ಬರುವ ಕೆಲಸ ತಾಯಿಯ ಪಾಲಿಗೆ ಬಂತು. ಒಮ್ಮೆ ಬದುವಿನ ಮೇಲೆ ಜಾರಿ ಬಿದ್ದು ಮಣಿಕಟ್ಟು ಊದಿಸಿಕೊಂಡರು. ಮಗ ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಅವನಿಗೆ ಈ ವಿಷಯ ತಿಳಿದದ್ದು ಎಂಟು ದಿನದ ನಂತರ, ಅದೂ ಪಕ್ಕದ ಮನೆಯವರಿಂದ.

ಹೊಸದೊಂದು ಕೊಳ್ಳಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಆಸ್ಪತ್ರೆಯ ಸಾಲವೇ ತೀರದ ಮನೆಯಲ್ಲಿ ಆ ಮಾತು ಸುಲಭವಲ್ಲ. ‘ಡಬ್ಬಿ ಕೆಟ್ಟಿಲ್ಲವಲ್ಲ’ ಎಂದ ಹುಡುಗ, ಅದನ್ನು ಬಿಚ್ಚಿಕೊಂಡು ಹಾಸ್ಟೆಲಿಗೆ ಒಯ್ದ.

ಇಂಥ ಯಂತ್ರಗಳೊಳಗೆ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಅದರ ಹೆಸರು ಬೂಟ್‌ಲೋಡರ್. ರೈತರ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ದಡದ ಮೇಲಿನ ಸೆಂಟ್ರಿಫ್ಯೂಗಲ್ ಪಂಪು ನೀರೆತ್ತಬೇಕಾದರೆ ಮೊದಲು ಅದರ ಹೊಟ್ಟೆಗೆ ಒಂದು ಕೊಡ ನೀರು ಸುರಿಯಬೇಕಷ್ಟೆ? ಬೂಟ್‌ಲೋಡರ್ ಆ ಮೊದಲ ಕೊಡ ನೀರು. ವಿದ್ಯುತ್ ಹರಿದ ಕೂಡಲೇ ಅದು ಎಚ್ಚೆತ್ತು, ‘ಯಾರಾದರೂ ಹೊಸ ಪ್ರೋಗ್ರಾಂ ತಂದಿದ್ದೀರಾ?’ ಎಂದು ಎರಡು ಮೂರು ಸೆಕೆಂಡು ಕಾಯುತ್ತದೆ. ಯಾರೂ ಮಾತನಾಡದಿದ್ದರೆ ಮುಖ್ಯ ಪ್ರೋಗ್ರಾಮಿಗೆ ಕೆಲಸ ವಹಿಸಿ ಸುಮ್ಮನಾಗುತ್ತದೆ. ಅದರೊಡನೆ ಮಾತನಾಡುವ ರೀತಿನೀತಿಯೇ ಪ್ರೋಟೋಕಾಲ್.

ಡಬ್ಬಿಯಲ್ಲಿದ್ದದ್ದು ಎಸ್‌ಟಿಎಂ 32 ಜಾತಿಯ ಚಿಪ್. ಚಿಪ್ ತಯಾರಕರೇ ಇಟ್ಟ ಬೂಟ್‌ಲೋಡರ್ ಅದರಲ್ಲಿ ಒಂದಿದೆ. 127 ಎಂಬ ಸಂಖ್ಯೆ ಕಳಿಸಿದರೆ 121 ಎಂದು ಉತ್ತರಿಸುತ್ತದೆ. ಇದೆಲ್ಲ ಅವರೇ ಪ್ರಕಟಿಸಿದ ಸಂಗತಿ. ಆದರೆ ಡಬ್ಬಿ ಮಾಡಿದವರು ಅದಕ್ಕೆ ಬೀಗ ಹಾಕಿದ್ದರು. ಬೀಗ ತೆಗೆಯುವ ಆಜ್ಞೆಯೂ ಉಂಟು. ಅದನ್ನು ಕೊಟ್ಟರೆ ಚಿಪ್ಪಿನೊಳಗಿನ ಪ್ರೋಗ್ರಾಮೆಲ್ಲ ಅಳಿಸಿಹೋಗುತ್ತದೆ. ಒಳಗಿರುವುದರ ಪ್ರತಿ ಎಲ್ಲೂ ಇಲ್ಲ. ಹುಡುಗ ಆ ರಾತ್ರಿ ಆ ಆಜ್ಞೆಯನ್ನು ಟೈಪ್ ಮಾಡಿ, ಕಳಿಸದೆ ಅಳಿಸಿದ. ಅವನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೇ ಮೊದಲನೆಯದು.

ಕಂಪನಿಯವರು ರಿಪೇರಿಗೆಂದು ತಮ್ಮದೇ ಇನ್ನೊಂದು ಬೂಟ್‌ಲೋಡರ್ ಬರೆದಿದ್ದರು. ಹೊಸದುರ್ಗದ ಮೆಕ್ಯಾನಿಕ್ ಒಬ್ಬರ ಹಳೆಯ ಕಂಪ್ಯೂಟರಿನಲ್ಲಿ ಅದರ ಸರ್ವಿಸ್ ಪ್ರೋಗ್ರಾಂ ಉಳಿದಿತ್ತು. ಅದು ಡಬ್ಬಿಯನ್ನು ಮೂರು ಪ್ರಶ್ನೆ ಕೇಳಿ, ಮೂರು ಉತ್ತರ ಪಡೆದು, ನಂತರ ಕಂಪನಿಯ ಸರ್ವರನ್ನು ಹುಡುಕುತ್ತ ನಿಂತುಬಿಡುತ್ತಿತ್ತು. ಹುಡುಗ ತಂತಿಗೆ ತನ್ನದೊಂದು ಕವಲು ಹಾಕಿ ಆ ಸಂಭಾಷಣೆಯನ್ನೆಲ್ಲ ಬರೆದುಕೊಂಡ. ಬರೀ ಸಂಖ್ಯೆಗಳು. ಒಂದಕ್ಕೂ ಅರ್ಥ ತಿಳಿಯದು.

ಅರ್ಥವಾಗದ ಬರಹವನ್ನು ಓದುವ ವಿದ್ಯೆ ಈ ಜಿಲ್ಲೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬಿ.ಎಲ್. ರೈಸ್ ಪತ್ತೆ ಮಾಡಿದ್ದು 1892ರಲ್ಲಿ. ಅದನ್ನು ಓದಲು ಸಾಧ್ಯವಾದದ್ದು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಗುಟ್ಟು ಬಿಡಿಸಿದ್ದರಿಂದ. ಸಾಂಚಿಯ ಕಟಾಂಜನದ ಮೇಲಿನ ಚಿಕ್ಕ ಚಿಕ್ಕ ಬರಹಗಳೆಲ್ಲ ಒಂದೇ ಬಗೆಯ ಅಕ್ಷರಗಳಿಂದ ಮುಗಿಯುವುದನ್ನು ಆತ ಗಮನಿಸಿದ. ಭಕ್ತರು ಕೊಟ್ಟ ಕಲ್ಲುಗಳಲ್ಲವೇ, ಆ ಕೊನೆಯ ಪದ ‘ದಾನಂ’ ಇರಬೇಕೆಂದು ಊಹಿಸಿದ. ಪ್ರತಿ ಸಲವೂ ಬದಲಾಗದ್ದು ಯಾವುದು, ಬದಲಾಗುವುದು ಯಾವುದು ಎಂದು ನೋಡುವುದೇ ಕೀಲಿಕೈ.

ಹುಡುಗನ ಸೋದರಮಾವನ ತೆಂಗಿನ ತೋಟ ಹಿರಿಯೂರಿನ ಹತ್ತಿರ. ಅಲ್ಲಿಯೂ ಅದೇ ಡಬ್ಬಿ ಇತ್ತು. ಎರಡೂ ಡಬ್ಬಿಗಳನ್ನು ಮಾತನಾಡಿಸಿದಾಗ ಮೊದಲ ಎರಡು ಉತ್ತರ ತದ್ವತ್ ಒಂದೇ. ಮೂರನೆಯದರಲ್ಲಿ ನಾಲ್ಕು ಬೈಟು, ಮತ್ತು ಕೊನೆಯ ಒಂದು ಬೈಟು ಮಾತ್ರ ಬೇರೆ. ಆ ನಾಲ್ಕು ಬೈಟು ಮುಚ್ಚಳದ ಮೇಲೆ ಅಂಟಿಸಿದ್ದ ಸೀರಿಯಲ್ ನಂಬರಿರಬೇಕು. ಆದರೆ ತಾಳೆಯಾಗಲೊಲ್ಲದು. ಮೂರು ದಿನ ತಲೆ ಕೆರೆದುಕೊಂಡ ಮೇಲೆ ಹಿಂದುಮುಂದಾಗಿ ಓದಿದ, ಕೂಡಲೇ ಕೂಡಿಬಂತು. ಕಿರಿಯ ಬೈಟನ್ನು ಮೊದಲಿಡುವುದು ಇಂಥ ಚಿಪ್ಪುಗಳ ಪದ್ಧತಿ. ಬ್ರಹ್ಮಗಿರಿಯಲ್ಲೂ ಲಿಪಿಕಾರ ಚಪಡ ಇಡೀ ಶಾಸನವನ್ನು ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ‘ಲಿಪಿಕರೇಣ’ ಎಂಬುದನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ.

ಕೊನೆಯ ಬೈಟು ಲೆಕ್ಕದ ತಾಳೆ. ಸಂದೇಶದ ಸಂಖ್ಯೆಗಳನ್ನೆಲ್ಲ ಕೂಡಿದರೆ 256ರಿಂದ ಶೇಷವಿಲ್ಲದೆ ಭಾಗವಾಗುವಂತೆ ಅದನ್ನು ಸೇರಿಸಿದ್ದರು. ಉಳಿದವುಗಳ ಮೊತ್ತ 300 ಆದರೆ ಕೊನೆಯದು 212, ಒಟ್ಟು 512. ದಾರಿಯಲ್ಲಿ ಒಂದಂಕಿ ಕೆಟ್ಟರೂ ಡಬ್ಬಿಗೆ ಗೊತ್ತಾಗುತ್ತದೆ, ಅದು ಉತ್ತರಿಸುವುದಿಲ್ಲ. ಇಷ್ಟು ತಿಳಿದ ಮೇಲೆ ಮೂರನೆಯ ಪ್ರಶ್ನೆ ಬಿಡಿಸಿದಂತಾಯಿತು: ‘ಇಂಥ ವಿಳಾಸದಿಂದ ಇಷ್ಟು ಬೈಟು ಓದಿ ಹೇಳು.’

ಇದು ಕಳ್ಳತನವಲ್ಲವೇ ಎಂದು ಪಾಲಕರಿಗೆ ಅನುಮಾನ ಬರಬಹುದು. ಚಿತ್ರದುರ್ಗದ ಏಳು ಸುತ್ತಿನ ಕೋಟೆಗೂ ಒಂದು ಕಿಂಡಿಯಿತ್ತು. ಹೈದರಾಲಿಯ ಸೈನಿಕರು ಅದರಲ್ಲಿ ನುಸುಳಿ ಬಂದಾಗ ಓಬವ್ವ ಒನಕೆ ಹಿಡಿದದ್ದು ನ್ಯಾಯವೇ. ಆದರೆ ತನ್ನ ಮನೆಗೆ ತಾನೇ ಹೋಗುವವನ ಮಾತು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1999ರಲ್ಲಿ ತಿದ್ದುಪಡಿಯಾಗಿ, 52ನೇ ಕಲಂನಲ್ಲಿ ಹೊಸ ಅಂಶಗಳು ಸೇರಿದವು. ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿದವರು ಅದು ಹೇಗೆ ಕೆಲಸ ಮಾಡುತ್ತದೆಂದು ಗಮನಿಸುವುದಕ್ಕೆ, ಅಭ್ಯಸಿಸುವುದಕ್ಕೆ, ಪರೀಕ್ಷಿಸುವುದಕ್ಕೆ ಅಲ್ಲಿ ಅವಕಾಶವಿದೆ. ನಕಲು ಮಾಡಿ ಮಾರಲು ಇಲ್ಲ.

ಹುಡುಗ ವಿಳಾಸವನ್ನು ಹದಿನಾರು ಹದಿನಾರಾಗಿ ಹೆಚ್ಚಿಸುತ್ತ, ತಾಳೆಯ ಬೈಟು ಲೆಕ್ಕ ಹಾಕುತ್ತ ಕೇಳುತ್ತ ಹೋದ. ಡಬ್ಬಿ ಒಂದೊಂದೇ ಸಾಲು ಒಪ್ಪಿಸಿತು. ನಡುರಾತ್ರಿ ದಾಟಿದ ಮೇಲೆ ಪರದೆಯ ಮೇಲೆ 57, 52, 52, 56 ಎಂದು ಬಂತು. ಕಂಪ್ಯೂಟರಿನ ಬರವಣಿಗೆಯಲ್ಲಿ 48 ಎಂದರೆ ಸೊನ್ನೆ, 57 ಎಂದರೆ ಒಂಬತ್ತು. 9448. ಉಳಿದ ಆರು ಅಂಕಿಗಳನ್ನು ಅವನು ಲೆಕ್ಕ ಹಾಕಲೇಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ಮೊದಲು ಬಾಯಿಪಾಠ ಮಾಡಿಸಿದ್ದ ಅಪ್ಪನ ನಂಬರು ಅದು.

ಅದರ ಕೆಳಗೆ ಇನ್ನೊಂದು ನಂಬರಿತ್ತು. ನೋಡಿದರೆ ಅವನದೇ! ಹುಡುಗ ಹಾಸ್ಟೆಲಿಗೆ ಸೇರಿ ಹೊಸ ಫೋನ್ ಕೊಂಡಾಗ ಅಪ್ಪ ಸೇರಿಸಿಟ್ಟಿರಬೇಕು. ಹೇಳಿರಲಿಲ್ಲ. ಹೇಳಿದ್ದರೂ ಮಗ ಕಿವಿಗೆ ಹಾಕಿಕೊಂಡಿರಲಿಲ್ಲವೋ ಏನೋ. ಅಷ್ಟು ತಿಂಗಳು ಅವನ ಜೇಬಿನಲ್ಲಿದ್ದ ಫೋನಿನಿಂದ ಒಮ್ಮೆ ಕರೆ ಮಾಡಿದ್ದರೆ ಸಾಕಿತ್ತು. ಕದ ತಟ್ಟದೆ ಗೋಡೆ ಪರೀಕ್ಷಿಸುತ್ತ ಕುಳಿತಂತಾಗಿತ್ತು. ಅವನಿಗೆ ನಗು ಬಂತು; ನಂತರ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಡಬ್ಬಿ ಈಗ ಪಂಪ್‌ಹೌಸಿಗೆ ಮರಳಿದೆ. ಕರೆಂಟು ಬಂದಾಗ ತಾಯಿ ಮಗನಿಗೆ ಮಿಸ್ಡ್ ಕಾಲ್ ಕೊಡುತ್ತಾರೆ, ಮಗ ಚಿತ್ರದುರ್ಗದಿಂದ ಡಬ್ಬಿಗೆ ಫೋನ್ ಮಾಡುತ್ತಾನೆ. ಸ್ವಲ್ಪ ಹೊತ್ತಿಗೆ ತೋಟದ ಕಡೆಯಿಂದ ಮೋಟಾರಿನ ಸದ್ದು. ತಾಯಿಯ ನಂಬರನ್ನೇ ಸೇರಿಸಬೇಕಾದರೆ ಬರೆಯುವ ಆಜ್ಞೆ ತಿಳಿಯಬೇಕು. ಅದರಲ್ಲಿ ತಪ್ಪಿದರೆ ಡಬ್ಬಿ ಬರೀ ಪ್ಲಾಸ್ಟಿಕ್. ಅದಕ್ಕೆ ಹುಡುಗ ಮೊದಲು ಅಭ್ಯಾಸಕ್ಕೆಂದು ಅದೇ ಜಾತಿಯ ಗುಜರಿ ಡಬ್ಬಿಯೊಂದನ್ನು ಹುಡುಕುತ್ತಿದ್ದಾನೆ. ಅವಸರವೇನಿಲ್ಲ. ಮೂರನೆಯ ಜಾಗದಲ್ಲಿ ಹತ್ತು ಸಲವೂ 255 ಎಂದೇ ಇದೆ. ಚಿಪ್ಪಿನ ಭಾಷೆಯಲ್ಲಿ ಅದರ ಅರ್ಥ, ಇಲ್ಲಿ ಇನ್ನೂ ಯಾರೂ ಏನೂ ಬರೆದಿಲ್ಲ.