ಸಿಟ್ಟಿನ ಹಿಂದಿನ ಭಯ

ಹುಚ್ಚು ಎಂಬ ಮಾತಿನೊಡನೆ ನಮಗೆ ವಿಚಿತ್ರವಾದ ಸಲಿಗೆ. ಸಂಗೀತದ ಹುಚ್ಚು, ಇಸ್ಪೀಟಿನ ಹುಚ್ಚು, ಹುಚ್ಚುಹೊಳೆ, ಹುಚ್ಚುಪ್ರೀತಿ ಎಂದು ಬೇಕಾದಲ್ಲೆಲ್ಲ ಅದನ್ನು ಅಂಟಿಸುತ್ತೇವೆ. ನಿಜವಾದ ರೋಗ ಮನೆಯೊಳಗೆ ಕಾಲಿಟ್ಟಾಗ ಮಾತ್ರ ಈ ಸಲಿಗೆ ಹಾರಿಹೋಗುತ್ತದೆ. ಆಗ ಉಳಿಯುವುದು ಒಂದೇ ಪ್ರಶ್ನೆ: "ಹೊಡೆಯುತ್ತಾನೆಯೆ?"

ನನ್ನ ಸೋದರತ್ತೆಯ ಮಗನ ವಿಚಾರದಲ್ಲಿ ಬೀದಿಯವರೆಲ್ಲ ಕೇಳಿದ್ದು ಇದನ್ನೇ. ಅವನಿಗೆ ಸ್ಕಿಜೋಫ್ರೇನಿಯಾ. ಯಾರೊಡನೆಯೂ ದನಿಯೆತ್ತಿ ಮಾತನಾಡದ ಹುಡುಗ. ಒಂದು ರಾತ್ರಿ ತಾಯಿಯ ಕೈಯಲ್ಲಿದ್ದ ಅನ್ನದ ತಟ್ಟೆಯನ್ನು ಕಿತ್ತೆಸೆದು, ತಡೆಯಬಂದ ತಂದೆಯನ್ನು ಗೋಡೆಗೆ ತಳ್ಳಿಬಿಟ್ಟ. ಮರುದಿನ ನೆಂಟರ ಸಭೆ ಸೇರಿತು. ಒಬ್ಬರು ಹಗ್ಗವೆಂದರು, ಇನ್ನೊಬ್ಬರು ಹೊರಗಿನಿಂದ ಚಿಲಕವೆಂದರು. ಅತ್ತೆ ಮಾತ್ರ, "ಯಾಕೆ ಹಾಗೆ ಮಾಡಿದೆ ಅಂತ ಅವನನ್ನ ಯಾರಾದರೂ ಕೇಳಿದಿರಾ?" ಎಂದರು.

ಕೇಳಿದವರು ವೈದ್ಯರು. ಅನ್ನದಲ್ಲಿ ವಿಷವಿದೆಯೆಂದು ಅವನ ಕಿವಿಯಲ್ಲಿ ದನಿಯೊಂದು ಹೇಳಿತ್ತಂತೆ. ಮಾತ್ರೆ ಬಿಟ್ಟು ತಿಂಗಳಾಗಿತ್ತು; ಮೂರು ರಾತ್ರಿ ನಿದ್ದೆಯಿರಲಿಲ್ಲ. ಅವನ ಪಾಲಿಗೆ ಅದು ಆಕ್ರಮಣವಲ್ಲ, ಆತ್ಮರಕ್ಷಣೆ.

ಎಲ್ಲರ ಸಿಟ್ಟಿಗೂ ಮೂಲ ಇದೇ ಅಲ್ಲ. ಕುಡಿತವಿರಬಹುದು, ಹೇಳಿಕೊಳ್ಳಲಾಗದ ನೋವಿರಬಹುದು, ಸುತ್ತಲಿನವರ ಹೀಯಾಳಿಕೆಯೂ ಇರಬಹುದು. ತೀವ್ರ ಮನೋರೋಗಿಗಳಲ್ಲಿ ಹೆಚ್ಚಿನವರು ಯಾರ ಮೇಲೂ ಕೈಮಾಡುವವರಲ್ಲ. ಹೊಡೆಯುವುದಕ್ಕಿಂತ ಹೊಡೆತ ತಿನ್ನುವುದೇ ಅವರ ಪಾಡು. ಹಾಗೆಂದು ಅಪಾಯವೇ ಇಲ್ಲವೆಂದರೆ, ಮೈಮೇಲೆ ಪೆಟ್ಟು ಬಿದ್ದ ತಂದೆತಾಯಿಗಳಿಗೆ ಅನ್ಯಾಯ ಮಾಡಿದಂತೆ.

ಉದ್ವೇಗ ಏರುತ್ತಿರುವಾಗ ಹತ್ತು ಜನ ಕೂಗಾಡಬಾರದು; ಒಬ್ಬರೇ ಮೆಲ್ಲಗೆ ಮಾತನಾಡಬೇಕು. ಎರಡು ತೋಳಿನಷ್ಟು ದೂರವಿರಬೇಕು, ಬಾಗಿಲಿಗೆ ಅಡ್ಡ ನಿಲ್ಲಬಾರದು. ದನಿ ಸುಳ್ಳೆಂದು ವಾದಿಸುವುದಕ್ಕಿಂತ, "ನಿನಗೆ ಭಯವಾಗಿದೆ" ಎನ್ನುವುದು ಮೇಲು. ಕೈಮೀರಿತೆಂದರೆ ಹೊರಗೆ ಬಂದು ಸಹಾಯ ಕರೆಯಬೇಕು. ಆಮೇಲಿನದು ಔಷಧದ ಕೆಲಸ. ಮಾತ್ರೆ ಮರೆಯುವವರಿಗೆ ತಿಂಗಳಿಗೊಮ್ಮೆ ಕೊಡುವ ಇಂಜಕ್ಷನ್ನುಗಳಿವೆ. ಬೇರೆ ಮದ್ದಿಗೆ ಬಗ್ಗದ ರೋಗಕ್ಕೆ ಕ್ಲೋಜಪಿನ್ ಇದೆ. ಆಕ್ರಮಣವನ್ನು ತಗ್ಗಿಸುವುದರಲ್ಲಿ ಅದಕ್ಕೆ ಒಳ್ಳೆಯ ಹೆಸರು. ಬಿಳಿಯ ರಕ್ತಕಣಗಳು ಕುಸಿಯುವ ಸಂಭವವಿರುವುದರಿಂದ ಆಗಾಗ ರಕ್ತಪರೀಕ್ಷೆ ಮಾತ್ರ ತಪ್ಪಿಸಬಾರದು.

ಸರಪಳಿ ಏನು ಮಾಡುತ್ತದೆಂಬುದನ್ನು 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಕಂಡೆವು. ಬೆಂಕಿ ಬಿದ್ದಾಗ ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯಿದೆ ಸರಪಳಿಯನ್ನು ಪೂರ್ತಿಯಾಗಿ ನಿಷೇಧಿಸಿದೆ. ಆಸ್ಪತ್ರೆಯಲ್ಲಿಯೂ ರೋಗಿಯನ್ನು ಕಟ್ಟಬೇಕಾದರೆ, ಒಡನೆಯೇ ಆಗಬಹುದಾದ ಅಪಾಯವನ್ನು ತಪ್ಪಿಸಲು ಬೇರೆ ದಾರಿಯಿರಬಾರದು, ಮನೋವೈದ್ಯರ ಒಪ್ಪಿಗೆಯಿರಬೇಕು, ಅಗತ್ಯಕ್ಕಿಂತ ಒಂದು ಗಳಿಗೆಯೂ ಹೆಚ್ಚಾಗಬಾರದು. ಶಿಕ್ಷೆಯೆಂದಂತೂ ಕೂಡದು.

ಕಾನೂನು ಹಗ್ಗವನ್ನು ಕಿತ್ತುಕೊಂಡಿತು, ಸರಿ. ಆದರೆ ರಾತ್ರಿಯ ಕಾವಲನ್ನು ಯಾರಿಗೆ ಕೊಟ್ಟಿತು? ಎಪ್ಪತ್ತು ದಾಟಿದ ತಾಯಿ ಒಂದು ಕಣ್ಣು ತೆರೆದೇ ಮಲಗುತ್ತಾಳೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416ಕ್ಕೆ ಫೋನು ಮಾಡಿದರೆ ಸಲಹೆ ಸಿಗುತ್ತದೆ. ಅದು ದೊಡ್ಡ ಉಪಕಾರವೇ. ಆದರೆ, "ಈ ಹೊತ್ತು ನೀವು ಮಲಗಿ, ನಾನು ಎದ್ದಿರುತ್ತೇನೆ" ಎನ್ನಲು ಪಕ್ಕದ ಮನೆಯವರೇ ಬೇಕು. "ಹೊಡೆಯುತ್ತಾನೆಯೆ?" ಎಂದು ಕೇಳುವ ನಾವು, "ನಿಮಗೆ ನಿದ್ದೆ ಬಂತೆ?" ಎಂದೂ ಒಮ್ಮೆ ಕೇಳಬಾರದೇಕೆ?