ಗಂಡಸರ ಜವಳಿ

ಮದುವೆಯ ಮನೆಯಲ್ಲಿ ಹೆಂಗಸರ ಜವಳಿಗೆ ಮೂರು ದಿನ, ಗಂಡಸರ ಜವಳಿಗೆ ಮೂರು ಗಳಿಗೆ ಎಂಬುದು ನಮ್ಮ ಕಡೆಯ ಲೆಕ್ಕ. ಸೀರೆಯ ಅಂಚು, ಸೆರಗು, ಬಣ್ಣಗಳ ವಿಚಾರವಾಗಿ ನಡೆಯುವಷ್ಟು ಚರ್ಚೆ ವಿಧಾನಸಭೆಯಲ್ಲಿಯೂ ನಡೆಯಲಿಕ್ಕಿಲ್ಲ. ಗಂಡಸರ ಸರದಿ ಬಂದಾಗ ಮಾತ್ರ, “ಹತ್ತು ಪ್ಯಾಂಟ್‌ಪೀಸು, ಹತ್ತು ಶರ್ಟ್‌ಪೀಸು ಕಟ್ಟಿಬಿಡ್ರಿ” ಎಂದರೆ ಮುಗಿಯಿತು. ಗಂಡಸಿನ ಮೈಗೂ ಒಂದು ಅಳತೆ, ಮನಸ್ಸಿಗೂ ಒಂದು ರುಚಿ ಇದ್ದೀತೆಂದು ಯಾರೂ ಯೋಚಿಸುವುದಿಲ್ಲ, ಗಂಡಸರೂ ಯೋಚಿಸುವುದಿಲ್ಲ. ಈ ಅನಾದರದ ಕಡೆಗೆ ನನ್ನ ಲಕ್ಷ್ಯವನ್ನು ಸೆಳೆದವರು ನನ್ನ ಸೋದರಮಾವ. ಅದಕ್ಕಾಗಿ ಅವರು ಆಸ್ಟ್ರೇಲಿಯದಿಂದ ಬರಬೇಕಾಯಿತು.

ಮಾವ ಮೆಲ್ಬರ್ನ್ ನಗರದಲ್ಲಿ ನೆಲೆಸಿ ಹದಿನೆಂಟು ವರ್ಷಗಳಾದವು. ಅಕ್ಕನ ಮದುವೆಗೆಂದು ಜನವರಿಯ ಕೊನೆಯಲ್ಲಿ ಹಳಿಯಾಳ ತಾಲೂಕಿನ ನಮ್ಮ ಹಳ್ಳಿಗೆ ಬಂದರು. ಅಲ್ಲಿ ಆಗ ನಡುಬೇಸಿಗೆ. ಇಲ್ಲಿ ಬೆಳಗಿನ ಚಳಿ. “ಯಾವ ಋತು ನಡದದ ಅನ್ನೂದ ನನ್ನ ಮೈಗೆ ಇನ್ನೂ ತಿಳಿದಿಲ್ಲ” ಎನ್ನುತ್ತ ಎರಡು ದಿನ ಕೌದಿಯೊಳಗೇ ಇದ್ದರು. ಅಪ್ಪನಿಗೆ ಕಬ್ಬಿನ ಕಟಾವಿನ ಗಡಿಬಿಡಿ. ಹೀಗಾಗಿ ಲಗ್ನಪತ್ರಿಕೆ ಹಂಚುವುದೂ ಗಂಡಸರ ಜವಳಿ ತೆಗೆಯುವುದೂ ಮಾವನ ಹಾಗೂ ನನ್ನ ಪಾಲಿಗೆ ಬಂದವು.

ಮೊದಲು ಹೋದದ್ದು ದಾಂಡೇಲಿಗೆ. ಕಾಳಿ ನದಿಯ ದಂಡೆಯ ಈ ಊರು ಬೆಳೆದದ್ದು ಕಾಗದದ ಗಿರಣಿಯೊಡನೆ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದ ಮೇಲೆ ಕೆಲಸವನ್ನರಸಿ ನಾನಾ ಕಡೆಯ ಜನ ಬಂದರು. ಅವರೊಡನೆ ಅವರ ಉಡುಗೆ ತೊಡುಗೆಗಳೂ ಬಂದವು. ಈಗ ಮಾತ್ರ ತರುಣರೆಲ್ಲರದೂ ಒಂದೇ ಜೀನ್ಸು, ಒಂದೇ ಟೀಶರ್ಟು. ನಾವು ಒಂದು ಬಟ್ಟೆಯಂಗಡಿಯ ಗಾದಿಯ ಮೇಲೆ ಕುಳಿತೆವು. ಚಹಾ ಬಂತು. ಥಾನುಗಳು ಒಂದರ ಮೇಲೊಂದು ಬಿಚ್ಚಿಕೊಂಡವು. ಮಾವನ ಮುಖ ಅರಳಿತು.

“ಅಲ್ಲಿ ಹಿಂಗಿಲ್ಲ ಅಳಿಯಾ. ಅಂಗಡಿ ಹೊಕ್ಕು, ತೂಗಹಾಕಿದ್ದನ್ನ ತಗೊಂಡು, ರೊಕ್ಕ ಕೊಟ್ಟು ಹೊರಗ ಬರೂತನಕ ಒಂದ ಮಾತೂ ಆಡೂ ಕಾರಣಿಲ್ಲ. ಚೌಕಾಸಿ ಅಂತೂ ಇಲ್ಲೇ ಇಲ್ಲ.” ಚೌಕಾಸಿಗೆ ಬದಲಾಗಿ ಅಲ್ಲಿ ವರ್ಷಕ್ಕೊಮ್ಮೆ ಜಾತ್ರೆ. ಕ್ರಿಸ್‌ಮಸ್ಸಿನ ಮರುದಿನ, ಡಿಸೆಂಬರ್ 26ರಂದು, ಬಾಕ್ಸಿಂಗ್ ಡೇ ಎಂಬ ಹೆಸರಿನಲ್ಲಿ ಬೆಲೆ ಇಳಿಸುತ್ತಾರಂತೆ. ಬಾಗಿಲು ತೆರೆಯುವ ಮೊದಲೇ ಜನ ಸಾಲುಗಟ್ಟಿ ನಿಲ್ಲುತ್ತಾರಂತೆ. ಆದರೆ ಯಾವ ಅಂಗಡಿಯಲ್ಲಿಯೂ ಮಾವನ ಅಳತೆಯದು ದೊರಕದು. ಅವರು ಗಿಡ್ಡ. ಸೊಂಟಕ್ಕೆ ಸರಿಯಾದದ್ದು ಕಾಲಿಗೆ ಉದ್ದ. ಕಾಲಿಗೆ ಸರಿಯಾದದ್ದು ಸೊಂಟಕ್ಕೆ ಸಾಲದು. ಅಳತೆ ಕೊಟ್ಟು ಹೊಲಿಸುವುದು ಅಲ್ಲಿ ಹಣವಂತರ ಮಾತು. “ಹಾಸಿಗಿ ಇದ್ದಷ್ಟ ಕಾಲ ಚಾಚು ಅಂತಾರ. ಅಲ್ಲಿ ಪ್ಯಾಂಟ ಇದ್ದಷ್ಟ ಕಾಲ ಬೆಳಸಬೇಕು. ನನಗ ಅದು ಆಗಲಿಲ್ಲ” ಎಂದು ನಕ್ಕರು.

ಪೀಸುಗಳ ಗಂಟು ಕಟ್ಟುವಾಗ ಮಾವ ಕೇಳಿದರು: “ಇವನ್ನೆಲ್ಲಾ ಹೊಲಸವರು ಯಾರು?”

ಉತ್ತರ ನಮ್ಮ ಮನೆಯ ಟ್ರಂಕಿನಲ್ಲಿತ್ತು. ಆಯೇರಿಯಲ್ಲಿ ಬಂದ ಪೀಸುಗಳನ್ನು ಅವ್ವ ಅದರಲ್ಲಿ ಒಟ್ಟಿ ಇಡುತ್ತಾಳೆ. ಪ್ರತಿಯೊಂದಕ್ಕೂ ಕೊಟ್ಟವರ ಹೆಸರಿನ ಚೀಟಿ. ಮುಂದೆ ಯಾರದಾದರೂ ಮದುವೆಯಲ್ಲಿ ಕೊಡುವಾಗ ಅದು ತಿರುಗಿ ಅದೇ ಮನೆಗೆ ಹೋಗಬಾರದಲ್ಲ! ಒಂದು ಪ್ಯಾಂಟು ಹೊಲಿಸುವ ಹಣಕ್ಕೆ ಸಂತೆಯಲ್ಲಿ ಸಿದ್ಧ ಪ್ಯಾಂಟೇ ಸಿಗುತ್ತಿರಲು, ಪೀಸಿಗೆ ಕತ್ತರಿ ಹಾಕುವ ಧೈರ್ಯ ಯಾರಿಗಿದೆ? ಅದು ಊರಿಂದೂರಿಗೆ, ಮದುವೆಯಿಂದ ಮದುವೆಗೆ ಸಂಚರಿಸುವ ಜಂಗಮ. ಮನೆಗೆ ಬಂದು ಟ್ರಂಕು ತೆರೆದಾಗ, ಮಾವ ತಮ್ಮ ಮದುವೆಯಲ್ಲಿ ಅಪ್ಪನಿಗೆ ಕೊಟ್ಟ ಪೀಸೂ ಮಡಿಕೆ ಬಿಚ್ಚದೆ ಅಲ್ಲಿಯೇ ಇತ್ತು. ಮಾವ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮಾತನಾಡಲಿಲ್ಲ.

ಮರುದಿನ ಬೀಗರ ಊರಾದ ಜೋಯಿಡಾ ಕಡೆಗೆ ಬಸ್ಸು ಹತ್ತಿದೆವು. ಹಳೆಯ ಸೂಪಾ ಊರು ಕಾಳಿಯ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಜೋಯಿಡಾ ತಾಲೂಕಿನ ಮುಖ್ಯಸ್ಥಳವಾಯಿತು. ದಟ್ಟ ಕಾಡಿನ, ಬಿರುಮಳೆಯ ಸೀಮೆ. ಅಲ್ಲಿ ಮುದುಕರ ಹೆಗಲ ಮೇಲೆ ಕರಿಯ ಕಂಬಳಿ ಕಂಡಿತು. ಮಳೆಗಾಲದಲ್ಲಿ ಅದೇ ಕೊಪ್ಪೆಯಾಗಿ ತಲೆ ಬೆನ್ನುಗಳನ್ನು ಕಾಯುತ್ತದೆ, ರಾತ್ರಿ ಹಾಸಿಗೆಯಾಗುತ್ತದೆ. ಬಯಲುಸೀಮೆಯ ಕುರಿಯ ಒರಟು ಉಣ್ಣೆಯಾದ್ದರಿಂದಲೇ ಅದು ಮಳೆಗೆ ಬೇಗ ಜಗ್ಗುವುದಿಲ್ಲ.

ಇತ್ತ ಮಾವನ ತಲೆಯ ಮೇಲಿನ ಅಗಲ ಅಂಚಿನ ಟೊಪ್ಪಿಗೆಯನ್ನು ಕಂಡು ಮಕ್ಕಳ ದಂಡೇ ಹಿಂದೆ ಬಿತ್ತು. ಮೊಲದ ರೋಮವನ್ನು ಒತ್ತಿ ಮಾಡಿದ ಅಕುಬ್ರಾ ಟೊಪ್ಪಿಗೆ ಅದು. ಆಸ್ಟ್ರೇಲಿಯದಲ್ಲಿ ಇದು ಶೋಕಿಯ ಮಾತಲ್ಲ. ಅಲ್ಲಿಯ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಹೆಚ್ಚು. 1981ರಿಂದ ‘ಅಂಗಿ ತೊಡಿ, ಮುಲಾಮು ಹಚ್ಚಿ, ಟೊಪ್ಪಿಗೆ ಹಾಕಿ’ ಎಂಬ ಅರ್ಥದ ಪ್ರಚಾರ ನಡೆದಿದೆ. ಟೊಪ್ಪಿಗೆ ತರದ ಮಗುವನ್ನು ಬಯಲಿನಲ್ಲಿ ಆಡಲು ಬಿಡದ ಶಾಲೆಗಳೂ ಉಂಟಂತೆ. ನನ್ನ ಅಜ್ಜ ರುಮಾಲಿಲ್ಲದೆ ಹೊಲಕ್ಕೆ ಹೋದವರಲ್ಲ. ನಾವು ಓದಿದವರು ಬರಿದಲೆಯಲ್ಲಿ ತಿರುಗುತ್ತೇವೆ. ಕಂಬಳಿಯಾಗಲಿ ಟೊಪ್ಪಿಗೆಯಾಗಲಿ, ಆಯಾ ನೆಲದ ಮಳೆ ಬಿಸಿಲುಗಳು ಅಳತೆ ತೆಗೆದು ಮಾಡಿಸಿದ ಉಡುಪು ಎಂದು ನನಗೆ ಆಗ ಅನಿಸಿತು.

ಮೂರನೆಯ ಪ್ರಯಾಣ ಅತ್ತೆಯ ಊರಾದ ಮುಂಡಗೋಡಕ್ಕೆ. ಕಲಘಟಗಿ, ತಡಸಗಳ ಮೇಲೆ ಹಾಯ್ದು, ಪತ್ರಿಕೆ ಕೊಟ್ಟು ಊಟ ಮುಗಿಸಿ, ಟಿಬೇಟಿಯನ್ನರ ಕ್ಯಾಂಪಿಗೆ ಹೋದೆವು. ನಾಡು ಬಿಟ್ಟು ಬಂದ ಈ ಜನರಿಗೆ ಇಲ್ಲಿ ನೆಲೆ ದೊರೆತದ್ದು 1966ರಲ್ಲಿ. ಕಾಡಂಚಿನ ಭೂಮಿಯಲ್ಲಿ ಮೆಕ್ಕೆಜೋಳ, ಭತ್ತ ಬೆಳೆಯುತ್ತಾರೆ. ಚಳಿಗಾಲದಲ್ಲಿ ಅನೇಕರು ಪಟ್ಟಣಗಳಿಗೆ ಹೋಗಿ ಸ್ವೆಟರು ಮಾರುತ್ತಾರೆ. ಆಗ ಲೋಸಾರ್ ಹಬ್ಬ ಸಮೀಪಿಸಿದ್ದರಿಂದ ಹೋದವರು ಮರಳುತ್ತಿದ್ದರು. ಒಂದು ಪುಟ್ಟ ಅಂಗಡಿಯಲ್ಲಿ ಹಿರಿಯ ಹೆಂಗಸೊಬ್ಬರು ಒಳ್ಳೆಯ ಕನ್ನಡದಲ್ಲಿ ಸ್ವೆಟರು ತೋರಿಸಿದರು. ಮಾಲು ಪಂಜಾಬಿನ ಲೂಧಿಯಾನದ್ದು. ಒಂದರ ಕೊರಳಪಟ್ಟಿಯ ಮೇಲೆ ‘ಮೆರಿನೊ’ ಎಂದಿತ್ತು.

ಮಾವ ಥಟ್ಟನೆ, “ಇದು ನಮ್ಮ ಕಡೇ ಕುರಿ ಇರಬೇಕು!” ಎಂದರು. ಮೆರಿನೊ ಕುರಿಗಳು ಮೊದಲು ಆಸ್ಟ್ರೇಲಿಯಕ್ಕೆ ಬಂದದ್ದು 1797ರಲ್ಲಿ. ಇಂದು ಅಲ್ಲಿಯ ನವಿರಾದ ಉಣ್ಣೆ ಹಡಗೇರಿ ನಮ್ಮ ಗಿರಣಿಗಳಿಗೆ ಬರುತ್ತದೆ. ಉಣ್ಣೆ ಬೆಳೆಯುವ ಆ ದೇಶದ ಜನ ತೊಡುವ ಬಟ್ಟೆಯ ಬಹುಪಾಲು ಮಾತ್ರ ಚೀನಾ, ಬಾಂಗ್ಲಾದೇಶ ಮುಂತಾದ ಕಡೆ ಹೊಲಿದದ್ದು. ಮಾವ ಇದನ್ನೆಲ್ಲ ವಿವರಿಸಿದಾಗ ಆ ಹೆಂಗಸು ಸಮಾಧಾನದಿಂದ ಕೇಳಿ, “ನಿಮ್ಮ ಊರಿಂದೇ ಆದರೆ ರೇಟ್ ಕಡಿಮೆ ಮಾಡು ಅನಬ್ಯಾಡ್ರಿ ಅಣ್ಣಾ” ಎಂದರು. ಮಾವ ಕೇಳಿದ ಬೆಲೆಯನ್ನೇ ಕೊಟ್ಟು ಅಪ್ಪನಿಗಾಗಿ ಅದನ್ನು ಕೊಂಡರು.

ಇನ್ನು ಉಳಿದದ್ದು ಹಳಿಯಾಳ. ಇಲ್ಲಿಯ ಒಂದು ಓಣಿಯಲ್ಲಿ ಅಜ್ಜನ ಕಾಲದಿಂದ ನಮ್ಮ ಮನೆಯ ಅರಿವೆ ಹೊಲಿಯುವ ಟೇಲರ್ ಕಾಕಾ ಇದ್ದಾರೆ. ಮಾವನನ್ನು ಕಂಡೊಡನೆ, “ಬರ್ರಿ ಸಾಹೇಬ್ರ! ಸೊಂಟ ಎರಡ ಇಂಚ ಬೆಳದೈತಿ” ಎಂದು ಟೇಪು ಹಿಡಿಯುವ ಮೊದಲೇ ಹೇಳಿಬಿಟ್ಟರು. ಹಿಂದೆ ಲಗ್ನಸರಾಯಿಯಲ್ಲಿ ನಾಲ್ಕು ಮಷೀನು ರಾತ್ರಿ ಹಗಲು ಓಡುತ್ತಿದ್ದವು. ಈಗ ಒಂದೇ. ಜೂನಿನಲ್ಲಿ ಶಾಲೆಯ ಯುನಿಫಾರ್ಮು, ಉಳಿದ ದಿನ ಸಿದ್ಧ ಪ್ಯಾಂಟುಗಳ ಕಾಲು ಕತ್ತರಿಸಿ ಮಡಿಚುವ ಕೆಲಸ. ಮಗ ಮಷೀನಿಗೆ ಕೂಡ್ರಲು ಒಲ್ಲೆನೆಂದು ಗೋವೆಗೆ ಹೋದ. “ಕತ್ತರಿ ಹಿಡದ ಕೈಗೆ ಬರೇ ಬ್ಲೇಡ್ ಹಿಡಿಯೂ ಕಾಲ ಬಂತ್ರಿ” ಎಂದರು ಕಾಕಾ.

ಮಾವ ಆ ರಾತ್ರಿಯೇ ತಮ್ಮ ಯೋಜನೆಯನ್ನು ಹೊರಗಿಟ್ಟರು: ಆಯೇರಿಯ ಅರಿವೆಯನ್ನು ಮೊದಲೇ ಹೊಲಿಸಿ ಕೊಡೋಣ. ಅಪ್ಪ ಒಪ್ಪಲಿಲ್ಲ. “ಕತ್ತರಿ ಬಿದ್ದ ಅರಿವಿ ಆಯೇರಿ ಮಾಡತಾರೇನೋ ತಮ್ಮಾ? ಮಂದಿ ಏನಂದಾರು?” ವಾದ ಬೆಳೆಯಿತು. “ಭಾವಾರ, ನಾ ಕೊಟ್ಟ ಅರಿವಿ ನೀವು ಒಂದ ದಿನಾನೂ ಉಡಲಿಲ್ಲ” ಎಂದರು ಮಾವ. ಅಪ್ಪ ಸುಮ್ಮನಾದರು. ಕೊನೆಗೆ ದಾರಿ ತೋರಿಸಿದವಳು ಅವ್ವ. ಪೀಸು ಪೀಸಾಗಿಯೇ ಇರಲಿ. ಅದರೊಡನೆ ಕಾಕಾನ ಒಂದು ಚೀಟಿ ಇರಲಿ, ‘ಹೊಲಿಗೆಯ ಹಣ ಮುಟ್ಟಿದೆ’ ಎಂದು.

ಹಾಗೆಯೇ ಆಯಿತು. ಹನ್ನೊಂದು ಜನರಿಗೆ ಹನ್ನೊಂದು ಚೀಟಿ. ಬೀಗರ ಕಡೆಯವರು ಮೊದಲು ನಕ್ಕರು. ಆದರೆ ತಿಂಗಳೊಳಗೆ ಒಂಬತ್ತು ಮಂದಿ ಹಳಿಯಾಳಕ್ಕೆ ಹೋಗಿ ಅಳತೆ ಕೊಟ್ಟು ಬಂದರು. ಅವರಲ್ಲಿ ನಮ್ಮ ದೊಡ್ಡಪ್ಪನೂ ಒಬ್ಬರು. ಚಿಕ್ಕಂದಿನಲ್ಲಿ ಮಾವಿನ ಮರದಿಂದ ಬಿದ್ದು ಅವರ ಎಡಗೈ ಮುರಿದಿತ್ತು. ಅಂದಿನಿಂದ ಆ ಕೈ ತುಸು ಮೋಟು. ಸಂತೆಯ ಅಂಗಿಯ ತೋಳು ಅಂಗೈಯನ್ನು ಮುಚ್ಚುತ್ತದೆಂದು ಸದಾ ಮಡಿಚಿಯೇ ತೊಡುತ್ತಿದ್ದರು. ಕಾಕಾ ಏನೂ ಕೇಳದೆ ಎಡತೋಳನ್ನು ಎರಡು ಇಂಚು ಕಡಿಮೆ ಹೊಲಿದಿದ್ದರು. ಯುಗಾದಿಯ ದಿನ ದೊಡ್ಡಪ್ಪ ಆ ಅಂಗಿ ತೊಟ್ಟು, ಎರಡೂ ತೋಳುಗಳ ಗುಂಡಿ ಹಾಕಿಕೊಂಡು, ಎರಡೂ ಕೈಗಳಿಂದ ನಮಗೆ ಬೇವು ಬೆಲ್ಲ ಹಂಚಿದರು.

ಸಿದ್ಧ ಉಡುಪನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಈಗ ನನ್ನ ಮೈಮೇಲಿರುವುದೂ ಅದೇ. ಅದು ಅಗ್ಗ, ಬಡವನಿಗೂ ಹೊಸದನ್ನು ತೊಡಿಸಿದೆ. ಹಳೆಯದನ್ನು ತೊಡುವುದೂ ಹೀನವಲ್ಲ. ಆಸ್ಟ್ರೇಲಿಯದಲ್ಲಿ ಧರ್ಮಸಂಸ್ಥೆಗಳು ನಡೆಸುವ ಹಳೆಯ ಬಟ್ಟೆಯ ಅಂಗಡಿಗಳಿಗೆ ಅನುಕೂಲಸ್ಥರೂ ಸಂಕೋಚವಿಲ್ಲದೆ ಹೋಗುತ್ತಾರೆಂದು ಮಾವ ಹೇಳಿದರು. ನಮ್ಮ ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹರಿದ ಅಂಗಿ ಸೀರೆಗಳನ್ನು ಕೂಡಿಸಿ ಹೊಲಿಯುವ ಕೌದಿಗಳು ಅಮೆರಿಕದ ಪ್ರದರ್ಶನಗಳ ವರೆಗೂ ಹೋಗಿವೆ. ಹೊಸದಾದರೂ ಹಳೆಯದಾದರೂ ಬಟ್ಟೆ ಮೈಗೆ ಒದಗಬೇಕು. ಅದೊಂದೇ ಅದರ ಧರ್ಮ. ಕಾರ್ಖಾನೆಗೆ ಗೊತ್ತಿರುವುದು ಸಾವಿರ ಜನರ ಸರಾಸರಿ ತೋಳು. ದೊಡ್ಡಪ್ಪನ ಎಡತೋಳು ಗೊತ್ತಿರಬೇಕಾದರೆ, ಅವರನ್ನು ಎದುರಿಗೆ ನಿಲ್ಲಿಸಿ ನೋಡುವ ಒಬ್ಬ ಮನುಷ್ಯ ಬೇಕು.

ಆದ್ದರಿಂದ ಗೆಳೆಯರಲ್ಲಿಯೂ ಗುರುಗಳಲ್ಲಿಯೂ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿಯೂ ಒಂದು ಟ್ರಂಕು ಇದ್ದೇ ಇರುತ್ತದೆ. ಬರುವ ರಜೆಯಲ್ಲಿ ಅದನ್ನು ತೆರೆಯಿರಿ. ಚೀಟಿಯ ಮೇಲಿನ ಹೆಸರನ್ನು ಓದಿರಿ. ಆ ಪೀಸನ್ನು ಇನ್ನೊಂದು ಮದುವೆಗೆ ಅಟ್ಟದೆ, ಓಣಿಯ ಟೇಲರನಿಗೆ ಕೊಟ್ಟು ಹೊಲಿಸಿ ತೊಡಿರಿ. ನಮ್ಮ ಹನ್ನೊಂದರಲ್ಲಿ ಉಳಿದ ಎರಡು ಚೀಟಿಗಳು ಎಲ್ಲಿವೆಯೋ ನಾನರಿಯೆ. ಅವು ತಿರುಗುತ್ತ ತಿರುಗುತ್ತ ನಿಮ್ಮಲ್ಲಿಗೆ ಬಂದರೆ ಹಳಿಯಾಳಕ್ಕೆ ಬನ್ನಿರಿ. ಹೊಲಿಗೆಯ ಹಣ ಮುಟ್ಟಿದೆ.