ನಾಲ್ಕು ಬಲ್ಬು ಬೆಳಗಿದ ಮರುಭೂಮಿಯಲ್ಲಿ

ಅಮೆರಿಕದ ಐಡಾಹೊ ಫಾಲ್ಸ್ ಊರು ಬಿಟ್ಟು ಪಶ್ಚಿಮಕ್ಕೆ ಹೊರಟರೆ ಆಲೂಗಡ್ಡೆ ಹೊಲಗಳು ಸ್ವಲ್ಪ ದೂರ ಜತೆಗೆ ಬಂದು ನಿಂತುಬಿಡುತ್ತವೆ. ಮುಂದೆ ಕಪ್ಪು ಲಾವಾ ಬಂಡೆ, ಬೂದು ಬಣ್ಣದ ಸೇಜ್ ಪೊದೆ, ಮೇಲೆ ಅಂಚೇ ಕಾಣದ ಆಕಾಶ. ಕಾರಿನ ಗಾಜು ಇಳಿಸಿದರೆ ಬಿಸಿಲಿಗೆ ಕಾದ ಆ ಪೊದೆಗಳ ಖಾರದ ವಾಸನೆ ಒಳನುಗ್ಗುತ್ತದೆ. ದೂರದಲ್ಲಿ ಬಿಗ್ ಸದರ್ನ್ ಬ್ಯೂಟ್ ಎಂಬ ಒಂಟಿ ಗುಡ್ಡ. ಎಷ್ಟು ಓಡಿಸಿದರೂ ಹತ್ತಿರ ಬರಲೊಲ್ಲದು. ಈ ಬಯಲಿಗೆ ಹರಿದು ಬರುವ ನದಿಯೊಂದು ಇಲ್ಲೇ ನೆಲದೊಳಗೆ ಇಂಗಿ ಕಾಣೆಯಾಗುತ್ತದೆ. ಅದಕ್ಕೇ ಅದರ ಹೆಸರು ಬಿಗ್ ಲಾಸ್ಟ್ ರಿವರ್. ಲಾವಾ ಪದರಗಳ ಅಡಿಯಲ್ಲಿ ಬಹುದೂರ ಸಾಗಿ, ಸ್ನೇಕ್ ನದಿಯ ಕಮರಿಯಲ್ಲಿ ಆ ನೀರು ಬುಗ್ಗೆ ಬುಗ್ಗೆಯಾಗಿ ಮತ್ತೆ ಹೊರಬರುತ್ತದೆ. ಕೇಳಿ ಮೈ ಜುಮ್ಮೆಂದಿತು.

ಈ ದಾರಿ ಹಿಡಿಸಿದವರು ನಮ್ಮ ಭಾವ. ಕೆಪಿಟಿಸಿಎಲ್‌ನಲ್ಲಿ ರಿಲೇ ಟೆಸ್ಟಿಂಗ್ ಮಾಡುತ್ತಲೇ ನಿವೃತ್ತರಾದವರು. ಮಗಳ ಮನೆ ಸಾಲ್ಟ್ ಲೇಕ್ ಸಿಟಿಯಲ್ಲಿದೆ. ಅಲ್ಲಿಗೆ ಬಂದ ನಮ್ಮವರೆಲ್ಲ ಯೆಲ್ಲೋಸ್ಟೋನಿಗೆ ಓಡುತ್ತಾರೆ. ಭಾವ ಮಾತ್ರ, "ಬಿಸಿನೀರಿನ ಬುಗ್ಗೆ ಎಲ್ಲೂ ಓಡಿಹೋಗಲ್ಲ ಕಣಯ್ಯ, ಮೊದಲು ಆ ಜನರೇಟರ್ ಒಡೆದ ಸೀಮೆ ನೋಡಬೇಕು" ಎಂದು ಹಟ ಹಿಡಿದರು.

ಆ ಸೀಮೆ ಐಡಾಹೊ ನ್ಯಾಷನಲ್ ಲ್ಯಾಬೊರೇಟರಿಯದು. 1949ರಲ್ಲಿ ಪರಮಾಣು ರಿಯಾಕ್ಟರ್‌ಗಳ ಪರೀಕ್ಷೆಗೆಂದು ಶುರುವಾದ ಈ ಪ್ರಯೋಗಾಲಯದ ನೆಲ ಸುಮಾರು 2,300 ಚದರ ಕಿ.ಮೀ., ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ತುಸು ದೊಡ್ಡದು. ಹೆದ್ದಾರಿ ಇದರ ನಡುವೆಯೇ ಹಾದುಹೋಗುತ್ತದೆ. ಆದರೆ ರಸ್ತೆ ಬಿಟ್ಟು ಒಳಗೆ ಹೋಗುವಂತಿಲ್ಲ. ಹಾಗಾಗಿ ನಮಗೆ ಕಂಡದ್ದು ವಿದ್ಯುತ್ ಗೋಪುರಗಳ ಸಾಲು ಮಾತ್ರ. ಪ್ರಯೋಗಾಲಯಕ್ಕೆ ತನ್ನದೇ ಗ್ರಿಡ್ ಇದೆ: 138 ಕೆವಿ ಮಾರ್ಗ, ನೂರು ಕಿ.ಮೀ.ಗೆ ಸಮೀಪದ ವರ್ತುಲ, ಏಳು ಸಬ್‌ಸ್ಟೇಷನ್. ಒಂದು ಮನೆಯ ದೀಪವನ್ನೂ ಆರಿಸದೆ ನಿಜವಾದ ಗ್ರಿಡ್ಡಿಗೆ ಏಟು ಕೊಟ್ಟು ನೋಡಬಹುದಾದ ಇಂಥ ಬಯಲು ಜಗತ್ತಿನಲ್ಲಿ ಎಷ್ಟಿರಬಹುದು!

ಸಾರ್ವಜನಿಕರಿಗೆ ತೆರೆದಿರುವುದು ಇಬಿಆರ್-1 ಎಂಬ ಹಳೆಯ ರಿಯಾಕ್ಟರಿನ ಕಟ್ಟಡ. ಬೇಸಿಗೆಯಲ್ಲಿ ಯಾರು ಬೇಕಾದರೂ ಹೋಗಬಹುದು, ಟಿಕೆಟ್ ಇಲ್ಲ. 1951ರ ಡಿಸೆಂಬರ್ 20ರ ಮಧ್ಯಾಹ್ನ ವಾಲ್ಟರ್ ಝಿನ್ ಮತ್ತು ಸಂಗಡಿಗರು ಪರಮಾಣು ಶಾಖದಿಂದ ಕರೆಂಟು ತಯಾರಿಸಿ ನಾಲ್ಕು ಬಲ್ಬು ಹೊತ್ತಿಸಿದ್ದು ಇಲ್ಲಿಯೇ. ಅಂದು ಅಲ್ಲಿದ್ದವರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಮ್ಮ ಹೆಸರು ಬರೆದರು. ಆ ಹೆಸರುಗಳನ್ನು ಇವತ್ತಿಗೂ ಜೋಪಾನ ಮಾಡಿದ್ದಾರೆ. ಅವುಗಳ ಮುಂದೆ ನಿಂತಾಗ ನನಗೆ ಶಿವನಸಮುದ್ರ ನೆನಪಾಯಿತು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳವರೆಗೆ ಸುಮಾರು 147 ಕಿ.ಮೀ. ತಂತಿ ಎಳೆದ ಕೂಲಿಗಳೂ ಹೀಗೆ ಒಂದು ಗೋಡೆಯ ಮೇಲೆ ಹೆಸರು ಬರೆದಿದ್ದರೆ ಎಷ್ಟು ಚೆನ್ನಾಗಿತ್ತು!

ಕಂಟ್ರೋಲ್ ರೂಮಿನ ಮೀಟರುಗಳ ಮುಂದೆ ಭಾವ ಬಹಳ ಹೊತ್ತು ನಿಂತರು. ನಾನು ಪಕ್ಕಕ್ಕೆ ಹೋದದ್ದೇ ಪಾಠ ಶುರುವಾಯಿತು. ಒಂದು ಗ್ರಿಡ್ಡಿಗೆ ಸೇರಿದ ಜನರೇಟರುಗಳೆಲ್ಲ ಒಂದೇ ಲಯದಲ್ಲಿ ತಿರುಗಬೇಕು. ಅಮೆರಿಕದಲ್ಲಿ ಸೆಕೆಂಡಿಗೆ 60 ಆವರ್ತ, ನಮ್ಮಲ್ಲಿ 50. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಮಾರ್ಗ ಕೂಡಿಸಿದಾಗ ದಕ್ಷಿಣದ ಗ್ರಿಡ್ ಉಳಿದ ಭಾರತದ ಲಯಕ್ಕೆ ಸೇರಿತು. ಅಂದಿನಿಂದ ಶರಾವತಿಯ ನೀರು ತಿರುಗಿಸುವ ಯಂತ್ರವೂ ಹಿಮಾಲಯದ ನೀರು ತಿರುಗಿಸುವ ಯಂತ್ರವೂ ಒಂದಕ್ಕೊಂದು ಕಟ್ಟುಬಿದ್ದು ಲಯ ತಪ್ಪದೆ ಓಡುತ್ತಿವೆ. ಮನುಷ್ಯ ಕಟ್ಟಿದ ಇಷ್ಟು ದೊಡ್ಡ ಯಂತ್ರ ಇನ್ನೊಂದಿಲ್ಲ ಎಂದು ನನಗೆ ಅಂದೇ ಅನ್ನಿಸಿದ್ದು.

"ಹೊಸ ಯಂತ್ರ ಜೋಡಿಸೋವಾಗ ಸಿಂಕ್ರೋಸ್ಕೋಪ್ ನೋಡ್ತೀವಿ. ಮುಳ್ಳು ನಿಧಾನಕ್ಕೆ ತಿರುಗಿ ಹನ್ನೆರಡರ ಜಾಗಕ್ಕೆ ಬರೋ ಹೊತ್ತಿಗೆ ಬ್ರೇಕರ್, ಅಂದ್ರೆ ಗ್ರಿಡ್ಡಿಗೆ ಕೂಡಿಸೋ ದೊಡ್ಡ ಸ್ವಿಚ್ಚು, ಹಾಕಬೇಕು. ಮುಳ್ಳು ಆರರ ಹತ್ತಿರ ಇದ್ದಾಗ ಹಾಕಿದೆಯೋ, ಮುಗೀತು. ಗ್ರಿಡ್ ಅನ್ನೋದು ಆ ಯಂತ್ರವನ್ನ ಹಿಡಿದು ಒಂದೇ ಏಟಿಗೆ ತನ್ನ ಲಯಕ್ಕೆ ತಿರುಚುತ್ತೆ" ಎಂದರು ಭಾವ.

ಇದೇ ಮರುಭೂಮಿಯಲ್ಲಿ 2007ರ ಮಾರ್ಚ್ 4ರಂದು ಬೇಕೆಂದೇ ಮಾಡಿ ನೋಡಿದ್ದು ಇದನ್ನೇ. ಆ ಪರೀಕ್ಷೆಯ ಹೆಸರು ಅರೋರಾ. ಇಬಿಆರ್-1ರ ಹೊರಗೆ ಪರಮಾಣು ವಿಮಾನಕ್ಕೆಂದು ಕಟ್ಟಿದ್ದ ಎರಡು ದೈತ್ಯ ರಿಯಾಕ್ಟರುಗಳು ನಿಂತಿವೆ. ಅವುಗಳ ನೆರಳಲ್ಲಿ ಕುಳಿತು, ಭಾವನ ಫೋನಿನಲ್ಲಿ ಆ ಪರೀಕ್ಷೆಯ ವಿಡಿಯೊ ನೋಡಿದೆವು. 2.25 ಮೆಗಾವಾಟಿನ, 27 ಟನ್ ತೂಕದ ಡೀಸೆಲ್ ಜನರೇಟರ್. ಸುತ್ತಮುತ್ತ ಯಾರೂ ಇಲ್ಲ. ಇದ್ದಕ್ಕಿದ್ದಂತೆ ಅದು ಒಮ್ಮೆ ಕುಪ್ಪಳಿಸುತ್ತದೆ. ಸ್ವಲ್ಪ ಬಿಟ್ಟು ಮತ್ತೊಮ್ಮೆ. ಬಿಳಿ ಹೊಗೆ, ಆಮೇಲೆ ಕಪ್ಪು ಹೊಗೆ. ಸುಮಾರು ಮೂರು ನಿಮಿಷಕ್ಕೆ ಯಂತ್ರ ಗುಜರಿಯಾಗಿತ್ತು. ಪ್ರತಿ ಏಟಿನ ನಂತರ ಎಷ್ಟು ಹಾಳಾಯಿತೆಂದು ನೋಡಲು ನಿಲ್ಲಿಸದೇ ಇದ್ದಿದ್ದರೆ ಅಷ್ಟು ಹೊತ್ತೂ ಬೇಕಿರಲಿಲ್ಲ.

ಆ ಯಂತ್ರವನ್ನು ಬಾಂಬು ಮುಟ್ಟಲಿಲ್ಲ, ಸುತ್ತಿಗೆ ಮುಟ್ಟಲಿಲ್ಲ. ಮೈಕ್ ಅಸಾಂಟೆ ಮುಂತಾದ ತಜ್ಞರು ಯೋಜಿಸಿದಂತೆ ಕೆಲವೇ ಸಾಲುಗಳ ಪ್ರೋಗ್ರಾಂ, ತಪ್ಪು ಕಂಡರೆ ಬ್ರೇಕರ್ ತೆರೆಸುವ ಕಾವಲು ಸಾಧನವಾದ ರಕ್ಷಣಾ ರಿಲೇಗೆ ಆದೇಶ ಕೊಟ್ಟಿತು: ಬ್ರೇಕರ್ ತೆರೆ. ಹೊರೆ ಕಳಚಿದ ಜನರೇಟರ್ ಕ್ಷಣದಲ್ಲಿ ವೇಗ ಹೆಚ್ಚಿಸಿಕೊಂಡು ಗ್ರಿಡ್ಡಿನ ಲಯದಿಂದ ಮುಂದೆ ಹೋಯಿತು. ತಪ್ಪನ್ನು ಗುರುತಿಸಿ ತಡೆಯಲು ಬೇರೆ ರಕ್ಷಣೆಗಳಿಗೆ ಬೇಕಾಗುವ ಒಂದಿಷ್ಟು ಸಮಯ, ಸೆಕೆಂಡಿನ ಒಂದು ಚೂರು, ಮುಗಿಯುವುದರೊಳಗೆ ಇನ್ನೊಂದು ಆದೇಶ: ಮುಚ್ಚು. ಮತ್ತೆ ತೆರೆ, ಮತ್ತೆ ಮುಚ್ಚು. ಲಯ ತಪ್ಪಿದ ಜೋಡಣೆಯಿಂದ ಯಂತ್ರವನ್ನು ಕಾಯಬೇಕಾದದ್ದು ರಿಲೇಯ ಕೆಲಸ. ಅದೇ ರಿಲೇಯ ಕೈಯಿಂದ ಯಂತ್ರವನ್ನು ಕೊಲ್ಲಿಸಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಭಾವ ಫೋನನ್ನು ಜೇಬಿಗಿಟ್ಟು ಬೆಟ್ಟದ ಕಡೆ ನೋಡುತ್ತ, "ಸಿಡಿಲಿಗೆ ರಿಲೇ ಹೊಂದಿಸಿದೆವು, ಮುರಿದು ಬೀಳೋ ಮರಕ್ಕೆ ಹೊಂದಿಸಿದೆವು, ತಂತಿ ಮೇಲೆ ಜಿಗಿಯೋ ಮಂಗಕ್ಕೂ ಹೊಂದಿಸಿದೆವು. ಆದೇಶ ಕೊಡೋನೇ ಕಳ್ಳ ಆಗಬಹುದು ಅನ್ನೋ ಲೆಕ್ಕ ನಮ್ಮ ಪುಸ್ತಕದಲ್ಲಿ ಇರಲಿಲ್ಲ" ಎಂದರು. ಹಳೆಯ ರಿಲೇಗಳ ಒಳಗೆ ಒಂದು ಲೋಹದ ಬಿಲ್ಲೆ ತಿರುಗಿ ಸಂಪರ್ಕ ಮುಚ್ಚುತ್ತಿತ್ತು. ಅದನ್ನು ಮುಟ್ಟಬೇಕೆಂದರೆ ಸಬ್‌ಸ್ಟೇಷನ್ ಗೇಟು ದಾಟಿಯೇ ಬರಬೇಕಿತ್ತು. ಈಗಿನದು ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ನೆಟ್‌ವರ್ಕ್ ಕೇಬಲ್ ಇದೆ, ಪಾಸ್‌ವರ್ಡ್ ಇದೆ, ಆ ಪಾಸ್‌ವರ್ಡ್ ಎಷ್ಟೋ ಕಡೆ ಕಾರ್ಖಾನೆಯಿಂದ ಬಂದದ್ದೇ ಉಳಿದಿರುತ್ತದೆ. ಒಮ್ಮೆ ಕೂರಿಸಿದರೆ ಇಪ್ಪತ್ತು ವರ್ಷ ಅಲ್ಲಾಡಿಸುವುದಿಲ್ಲ. ಸಾಫ್ಟ್‌ವೇರ್ ತಿದ್ದುಪಡಿ ಹಾಕಬೇಕೆಂದರೆ ಲೈನ್ ನಿಲ್ಲಿಸಬೇಕು, ಅದಕ್ಕೆ ಅನುಮತಿ ಸಿಗಬೇಕು.

ಐಡಾಹೊದ ಪರೀಕ್ಷೆ ಯುಕ್ರೇನಿನಲ್ಲಿ ನಿಜದ ರೂಪ ತಾಳಿತು. 2015ರ ಡಿಸೆಂಬರ್ 23ರಂದು ಅಲ್ಲಿನ ಮೂರು ವಿತರಣಾ ಕಂಪನಿಗಳ ಕಂಪ್ಯೂಟರ್ ಹೊಕ್ಕವರು ದೂರದಿಂದಲೇ ಬ್ರೇಕರುಗಳನ್ನು ತೆರೆದರು. ಸುಮಾರು 2,25,000 ಗ್ರಾಹಕರಿಗೆ ಕರೆಂಟು ಹೋಯಿತು. ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಗಾಡಿ ಓಡಿಸಿಕೊಂಡು ಹೋಗಿ ಕೈಯಿಂದಲೇ ಬ್ರೇಕರ್ ಹಾಕಿ, ಕೆಲವೇ ಗಂಟೆಗಳಲ್ಲಿ ದೀಪ ಹೊತ್ತಿಸಿದರು. ಈ ಮಾತು ಹೇಳುವಾಗ ಭಾವನ ಮುಖ ಅರಳಿತು.

ಮರುವರ್ಷದ ದಾಳಿ ಇನ್ನೂ ಆಳವಾದದ್ದು. 2016ರ ಡಿಸೆಂಬರ್ 17ರ ನಡುರಾತ್ರಿಯ ಹೊತ್ತಿಗೆ ಕೀವ್ ನಗರದ ಉತ್ತರದ ಪಿವ್ನಿಚ್ನಾ ಸಬ್‌ಸ್ಟೇಷನ್ ಸ್ತಬ್ಧವಾಯಿತು. ಇಂಡಸ್ಟ್ರಾಯರ್ ಎಂದು ಆಮೇಲೆ ಹೆಸರು ಪಡೆದ ಆ ಪ್ರೋಗ್ರಾಂ, ಗ್ರಿಡ್ ಸಾಧನಗಳು ತಮ್ಮೊಳಗೆ ಬಳಸುವ ಪ್ರೋಟೋಕಾಲ್‌ಗಳಲ್ಲೇ ಆದೇಶ ಕೊಡಬಲ್ಲದಾಗಿತ್ತು. ದಶಕಗಳ ಹಿಂದೆ ರೂಪುಗೊಂಡ ಆ ಭಾಷೆಗಳು 'ಹೇಳುತ್ತಿರುವವರು ಯಾರು' ಎಂದು ಕೇಳುವುದೇ ಇಲ್ಲ. ಆ ಪ್ರೋಗ್ರಾಂನಲ್ಲಿ ರಿಲೇಗಳಿಗೇ ಗುರಿಯಿಟ್ಟ ಇನ್ನೊಂದು ಭಾಗವೂ ಇತ್ತು. ಸೀಮೆನ್ಸ್‌ನ ಸಿಪ್ರೋಟೆಕ್ ರಿಲೇಗಳಲ್ಲಿ ಒಂದು ದೋಷವಿತ್ತು: 18 ಬೈಟಿನ ಒಂದು ಸಂದೇಶ ಬಂದರೆ ಸಾಕು, ರಿಲೇ ಮರಗಟ್ಟುತ್ತದೆ, ಯಾರಾದರೂ ಹೋಗಿ ಆಫ್ ಮಾಡಿ ಆನ್ ಮಾಡುವವರೆಗೆ ಏಳುವುದಿಲ್ಲ. ಕಂಪನಿ 2015ರಲ್ಲೇ ತಿದ್ದುಪಡಿ ಕೊಟ್ಟಿತ್ತು. ದೀಪ ಹೊತ್ತಿಸುವ ಆತುರದಲ್ಲಿ ಸಿಬ್ಬಂದಿ ಲೈನ್ ಕೂಡಿಸುವಾಗ ಕಾವಲೇ ಇರಬಾರದು ಎಂಬುದು ಹಂಚಿಕೆ ಎಂದು ಡ್ರಾಗೋಸ್ ಎಂಬ ಸೈಬರ್ ಸುರಕ್ಷತಾ ಸಂಸ್ಥೆಯ 2019ರ ವಿಶ್ಲೇಷಣೆ ಹೇಳುತ್ತದೆ. ಆದರೆ ಆ ಪ್ರೋಗ್ರಾಂ ಬರೆದವರು ವಿಳಾಸದ ಅಂಕಿಗಳನ್ನು ಹಿಂದುಮುಂದಾಗಿಸಿದ್ದರು. ಸಂದೇಶ ರಿಲೇಗಳನ್ನು ತಲುಪಲಿಲ್ಲ. ಸುಮಾರು ಒಂದು ಗಂಟೆಯಲ್ಲಿ ಕರೆಂಟು ಮರಳಿತು. ಒಂದು ಮಹಾನಗರದ ಯಂತ್ರಗಳು ಬದುಕಿದ್ದು ಶತ್ರುವಿನ ಕೈತಪ್ಪಿನಿಂದ ಎಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ನಮ್ಮ ದೇಶ ಇದರಿಂದ ಹೊರಗಿಲ್ಲ. ಗ್ರಿಡ್ಡಿನ ಕೆಲವು ನಿಯಂತ್ರಣ ಕೇಂದ್ರಗಳಿಗೆ ಶ್ಯಾಡೋಪ್ಯಾಡ್ ಎಂಬ ಕುತಂತ್ರಾಂಶದ ಅಪಾಯವಿದೆ ಎಂದು 2020ರ ನವೆಂಬರ್‌ನಲ್ಲಿ ದೇಶದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಟ್-ಇನ್ ಎಚ್ಚರಿಸಿತ್ತು; ಮಾಹಿತಿ ಸೋರಿಕೆ ಆಗಿಲ್ಲ ಎಂದು ಇಂಧನ ಸಚಿವಾಲಯ ಹೇಳಿತು. 2021ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಮಾರ್ಗಸೂಚಿ ಬಂತು: ನಿಯಂತ್ರಣ ಜಾಲ ಇಂಟರ್ನೆಟ್ಟಿನಿಂದ ಬೇರೆ ಇರಬೇಕು, ಸಾಧನಗಳನ್ನು ನಂಬಬಹುದಾದ ಮೂಲದಿಂದಲೇ ಕೊಳ್ಳಬೇಕು, ಪ್ರತಿ ಸಂಸ್ಥೆಗೂ ಇದನ್ನೇ ನೋಡಿಕೊಳ್ಳುವ ಅಧಿಕಾರಿ ಬೇಕು. ಒಳ್ಳೆಯ ಮಾತುಗಳು. ಆದರೆ ಕಾಗದದ ಮೇಲಿನ ಮಾತು ಊರಾಚೆಯ ಸಬ್‌ಸ್ಟೇಷನ್ನಿನ ಪ್ಯಾನೆಲ್‌ವರೆಗೆ ಇಳಿಯಬೇಕಾದರೆ ಅದನ್ನು ಬಲ್ಲ ಜನ ಬೇಕು.

ಸಂಜೆ ಆರ್ಕೊ ಊರಿನ ಕಡೆ ಹೋಗುವಾಗ ಭಾವ ಹೇಳಿದ್ದು ಇದನ್ನೇ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆಕ್ಟ್ರಿಕಲ್ ಮಕ್ಕಳು ರಿಲೇ ಓದುತ್ತಾರೆ, ಕಂಪ್ಯೂಟರ್ ಸೈನ್ಸ್ ಮಕ್ಕಳು ಸೆಕ್ಯುರಿಟಿ ಓದುತ್ತಾರೆ. ಇಬ್ಬರೂ ಒಂದೇ ಪ್ರಯೋಗಶಾಲೆಯಲ್ಲಿ ಕೂರುವುದು ಅಪರೂಪ. ಪಾಠ ಮಾಡುವ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ: ಅರೋರಾದ ಆ ವಿಡಿಯೊವನ್ನು ಎರಡೂ ವಿಭಾಗದ ಮಕ್ಕಳಿಗೆ ಒಟ್ಟಿಗೆ ತೋರಿಸಿ, ಒಂದು ರಿಲೇಯನ್ನು ಅವರ ನಡುವೆ ಮೇಜಿನ ಮೇಲಿಟ್ಟು ಕೈಗೆ ಕೊಡಿ.